ಹದಿನೇಳನೇ ಹೆಸರು

ಆಗಸ್ಟ್ ೯

ಪ್ರೀತಿಯ ತಮ್ಮ,

‘ಇಲ್ಲಿ ಎಲ್ಲ ಕ್ಷೇಮ’ ಎಂದೇ ಕಾಗದ ಶುರು ಮಾಡಬೇಕೆಂದು ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ ಕಲಿಸುತ್ತಿದ್ದೇನೆ. ಈ ಸಲ ನಾನೇ ಆ ಸಾಲು ಬಿಟ್ಟಿದ್ದೇನೆ. ತಪ್ಪು ಹಾಕಬೇಡ.

ಹೊಳೆ ಊರೊಳಗೆ ಬಂದು ಹೋಗಿ ಹನ್ನೆರಡು ದಿನವಾಯಿತು. ಮನೆ ನಿಂತಿದೆ, ಆದರೆ ಕಿಟಕಿಯವರೆಗೆ ಕೆಸರು. ನಾನು ಶಾಲೆಯಲ್ಲೇ ಇದ್ದೇನೆ. ಊರಿನ ಅರ್ಧ ಜನ ಇಲ್ಲೇ ಇದ್ದಾರೆ. ಫೋನು ಸತ್ತಿದೆ. ಪರಿಹಾರದ ಲಾರಿಯ ಡ್ರೈವರ್ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ.

ನಿನ್ನ ಭಾವ ಇನ್ನೂ ಬಂದಿಲ್ಲ.

ಇಪ್ಪತ್ತೆಂಟರ ಬೆಳಿಗ್ಗೆ ನೀರು ಏರುತ್ತಿದ್ದರೂ ಸೇತುವೆ ಪಕ್ಕದ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತಲೇ ಇತ್ತು. ನೀರಲ್ಲಿ ನಡೆದು ಬರುವವರಿಗೆ ಕರೆಂಟ್ ಹೊಡೆಯುತ್ತದೆ ಎಂದು ಫ್ಯೂಸ್ ತೆಗೆಯಲು ಹೋದರು. ಲೈನ್‌ಮನ್ ಅಂದ ಮೇಲೆ ಹೋಗಲೇಬೇಕು. ಸ್ವಲ್ಪ ಹೊತ್ತಿಗೆ ಗುಂಯ್ ನಿಂತಿತು. ಅಂದರೆ ಫ್ಯೂಸ್ ತೆಗೆದಿದ್ದಾರೆ. ಆಮೇಲೆ ನೋಡಿದರೆ ಸೇತುವೆಯೂ ಇಲ್ಲ, ಇವರೂ ಇಲ್ಲ.

ಕಾಣೆಯಾದವರ ಪಟ್ಟಿಯನ್ನು ನನ್ನ ಕ್ಲಾಸಿನ ಕರಿಹಲಗೆಯ ಮೇಲೆ ಬರೆದಿಟ್ಟಿದ್ದೇವೆ. ಅಕ್ಷರ ದುಂಡಗಿದೆ ಎಂದು ಆ ಕೆಲಸ ನನ್ನ ತಲೆಗೇ ಬಿತ್ತು. ಇವರದು ಹದಿನೇಳನೇ ಹೆಸರು. ದಿನಾ ಬೆಳಿಗ್ಗೆ ಒರೆಸಿ ಹೊಸದಾಗಿ ಬರೆಯುತ್ತೇನೆ. ಸಿಕ್ಕವರ ಹೆಸರು ಬಿಡುತ್ತೇನೆ, ಉಳಿದವರ ನಂಬರು ಬದಲಿಸುವುದಿಲ್ಲ. ಆ ಪಟ್ಟಿಯಲ್ಲಿ ಇರುವವರ ಫೋಟೋಗಳನ್ನು ಕಟ್ಟು ಕಟ್ಟಿ ಪ್ರತಿ ಮಂಗಳವಾರ ಹೊಳೆಯ ಕೆಳಗಿನ ಆಸ್ಪತ್ರೆಗಳಿಗೆಲ್ಲ ಕಳಿಸುತ್ತಾರೆ. ಮಾತಾಡಲಾಗದೆ ಮಲಗಿರುವವರ ಗುರುತು ಹಾಗೇ ಸಿಗಬೇಕು.

ನಿಮ್ಮಲ್ಲಿ ಕಲಾವಿದರು, ಸಾಹಿತಿಗಳು ಸೇರಿ ನಮ್ಮ ನೆರವಿಗೆಂದು ಒಂದು ಸಂಜೆಯ ಕಾರ್ಯಕ್ರಮ ಮಾಡುತ್ತಾರಂತೆ, ನೀನೂ ಅದರಲ್ಲಿ ಇದ್ದೀಯಂತೆ. ಅಲ್ಲಿ ಅಚ್ಚಾಗುವ ಸಂಚಿಕೆ ಪರಿಹಾರದ ಲಾರಿಗಳ ಜೊತೆ ಹೊಳೆಗುಂಟ ಎಲ್ಲ ಶಿಬಿರಕ್ಕೂ ಹೋಗುತ್ತದೆ ಎಂದು ಡ್ರೈವರ್ ಹೇಳಿದ. ನನ್ನದು ಒಂದೇ ಕೆಲಸ. ಇವರ ಫೋಟೋ ಜೊತೆಗಿಟ್ಟಿದ್ದೇನೆ. ಅದನ್ನು ಸಂಚಿಕೆಯಲ್ಲಿ ಹಾಕಿಸು. ಯಾವುದೋ ಶಿಬಿರದಲ್ಲಿ ಯಾರೋ ಒಬ್ಬರು ‘ಇವರನ್ನ ಕಂಡಿದೀನಿ’ ಅಂದರೆ ಸಾಕು.

ಅಕ್ಕ

ಆಗಸ್ಟ್ ೧೪

ಅಕ್ಕಾ,

ಕಾಗದ ಸಿಕ್ಕಿತು, ನಿಂತಲ್ಲೇ ಓದಿದೆ. ಆದರೂ ಹೇಳುತ್ತೇನೆ, ನಮ್ಮ ಕರೆಂಟ್ ಭಾವ ಗಟ್ಟಿ ಜೀವ. ಹನ್ನೊಂದು ಸಾವಿರ ವೋಲ್ಟಿನ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದವರು ಒಂದು ಹೊಳೆಗೆ ಹೆದರುವವರಲ್ಲ. ಫೋಟೋ ಬಗ್ಗೆ ಚಿಂತೆ ಬಿಡು. ಸಂಚಿಕೆಯ ಕರಡು ತಿದ್ದುವವನು ನಾನೇ. ನನ್ನ ಕಣ್ಣು ತಪ್ಪಿಸಿ ಅಲ್ಲಿ ಒಂದು ಸೊನ್ನೆಯೂ ನುಸುಳುವುದಿಲ್ಲ.

ಆದರೆ ಈ ಸಮಿತಿಯ ಕಥೆ ಕೇಳು. ನಗು ಬಂದರೆ ನಗು, ಬರದಿದ್ದರೆ ತಮ್ಮನಿಗೋಸ್ಕರ ನಗು.

ಸಭೆ ಸೇರುವುದು ಗಡ್ಡದವನ ಸ್ಟುಡಿಯೋದಲ್ಲಿ. ಗಡ್ಡ ಅಂದರೆ ನಮ್ಮ ಚಿತ್ರಕಾರ, ಗಡ್ಡವೇ ಅವನ ಅರ್ಧ ಪ್ರತಿಭೆ. ನಾಲ್ಕನೇ ಮಹಡಿಯಲ್ಲಿ ಕೂತು ಮಹಾಪೂರದ ಚಿತ್ರ ಬರೆಯುತ್ತಿದ್ದಾನೆ. ಅವನ ನಲ್ಲಿಯಲ್ಲಿ ನೀರು ಬರುವುದು ಎರಡು ದಿನಕ್ಕೊಮ್ಮೆ. ಇದುವರೆಗೆ ನಾಲ್ಕು ಸಭೆ ಆಗಿದೆ. ಮೊದಲನೆಯದು ಸಂಜೆಗೆ ಹೆಸರಿಡಲು, ಎರಡನೆಯದು ಆ ಹೆಸರು ತೆಗೆಯಲು, ಮೂರನೆಯದು ಕುರ್ಚಿಗಳಿಗೆ, ನಾಲ್ಕನೆಯದು ಮೂರನೆಯದರಲ್ಲಿ ಎದ್ದು ಹೋದವರನ್ನು ಕರೆತರಲು. ನಿಮ್ಮ ಊರಿನ ಹೆಸರು ಇನ್ನೂ ಚರ್ಚೆಗೆ ಬಂದಿಲ್ಲ.

ಮಹಾಕವಿ ಎಂದು ಒಬ್ಬರಿದ್ದಾರೆ. ಹೆಸರು ಜನ ಇಟ್ಟದ್ದೋ ಅವರೇ ಇಟ್ಟುಕೊಂಡದ್ದೋ ಈಗ ಯಾರಿಗೂ ನೆನಪಿಲ್ಲ. ಅವರು ಕೊನೆಯಲ್ಲೇ ಓದುತ್ತಾರಂತೆ. ಯಾಕೆ ಸರ್ ಅಂದರೆ, “ನನ್ನ ನಂತರ ಓದೋರಿಗೆ ತೊಂದ್ರೆ ಆಗಬಾರ್ದು ನೋಡಪ್ಪ” ಅಂದರು. ನಟಿಯೊಬ್ಬಳು ನಿರೂಪಣೆಗೆ ಒಪ್ಪಿದ್ದಾಳೆ. “ನನಗೆ ಎಡಗಡೆ ಲೈಟು ಕೊಡಿ, ಅಳು ಆ ಕಡೆಯಿಂದಾನೇ ಬರೋದು” ಅಂದಳು. ನಿನ್ನಾಣೆ ಅಕ್ಕ, ಹೀಗೇ ಅಂದಳು, ನನ್ನ ಕಲ್ಪನೆಗೆ ಅಷ್ಟು ಶಕ್ತಿಯಿಲ್ಲ.

ಕೆಲಸಕ್ಕೆ ಕರೆದರೆ ಕಾಲು ನೋವು,
ಕುರ್ಚಿಗೆ ಕರೆದರೆ ಮೊದಲೇ ನಾವು.

ನಿನ್ನ ಕಾಗದವನ್ನು ಸಭೆಯಲ್ಲಿ ಓದಿದೆ. ಟ್ರಾನ್ಸ್‌ಫಾರ್ಮರ್ ಗುಂಯ್ ನಿಂತಿತು ಎಂಬಲ್ಲಿ ನಟಿ ಅತ್ತಳು, ಲೈಟಿಲ್ಲದೆಯೇ. ಇನ್ನೂ ಸ್ವಲ್ಪ ವಿವರ ಬರೆಯುತ್ತೀಯಾ? ಹೊರಡುವಾಗ ಭಾವ ಏನಂದರು? ಮತ್ತೊಂದು ಮಾತು, ನಗಬೇಡ. ವೇದಿಕೆಗೆ ಹರಡಲು ಗಡ್ಡನಿಗೆ ನಿಮ್ಮೂರಿನ ಅಸಲಿ ಕೆಸರೇ ಬೇಕಂತೆ. ಲಾರಿ ಹೇಗೂ ಖಾಲಿ ವಾಪಸಾಗುತ್ತದಲ್ಲ?

ತಮ್ಮ

ಆಗಸ್ಟ್ ೧೯

ಪ್ರೀತಿಯ ತಮ್ಮ,

ಕೆಸರು ಕಳಿಸಿದ್ದೇನೆ, ಎರಡು ಮೂಟೆ. ತುಂಬುವಾಗ ಅದರಲ್ಲಿ ಒಂದು ಮಗುವಿನ ಚಪ್ಪಲಿ ಸಿಕ್ಕಿತು, ಒಂದು ಹೊಲಿಗೆ ಯಂತ್ರದ ಹಿಡಿ ಸಿಕ್ಕಿತು. ಅವೆರಡನ್ನು ತೆಗೆದಿಟ್ಟುಕೊಂಡಿದ್ದೇನೆ, ಯಾರಾದರೂ ಕೇಳಿಕೊಂಡು ಬರಬಹುದು. ಇನ್ನೂ ಬೇಕಿದ್ದರೆ ಗಡ್ಡದವರಿಗೆ ಹೇಳು, ಸರಬರಾಜು ನಿಲ್ಲುವುದಿಲ್ಲ. ಅಸಲಿಯೇ. ಬೇಕಾದರೆ ಮೂಸಿ ನೋಡಲಿ.

ಹೊರಡುವಾಗ ಏನಂದರು ಎಂದು ಕೇಳಿದ್ದೀಯ. “ಚಹಾ ಮುಚ್ಚಿಡು, ಬಂದೆ” ಅಂದರು. ಅಷ್ಟೇ.

ಈ ವಾರ ಆರು ಜನ ಸಿಕ್ಕರು. ನಾಲ್ವರು ಆಸ್ಪತ್ರೆಗಳಲ್ಲಿ, ಫೋಟೋ ಕಟ್ಟಿನಿಂದಲೇ. ಒಬ್ಬಾಕೆ ಎರಡು ದಿನದ ದಾರಿಯಷ್ಟು ಕೆಳಗೆ ಸಿಕ್ಕಿದ್ದಾಳೆ. ಅವಳ ಗಂಡ ಇಲ್ಲಿ ನನ್ನ ಹಲಗೆಯ ಮುಂದೆ ನಿಂತು ಅವಳ ಹೆಸರನ್ನು ತಾನೇ ಒರೆಸುತ್ತೇನೆ ಎಂದು ಹಟ ಹಿಡಿದ. ಡಸ್ಟರ್ ಕೊಟ್ಟೆ. ಒರೆಸುವ ಕೆಲಸಕ್ಕೆ ಅಷ್ಟು ಖುಷಿಪಟ್ಟವರನ್ನು ನಾನು ಶಾಲೆಯಲ್ಲಿ ಕಂಡಿರಲಿಲ್ಲ.

ಸಂಚಿಕೆಯಲ್ಲಿ ಹಾಕಬೇಕಾದ್ದು ಇಷ್ಟು:

‘ಕಾಣೆಯಾಗಿದ್ದಾರೆ. ವಯಸ್ಸು ಐವತ್ತೆರಡು, ವಿದ್ಯುತ್ ಇಲಾಖೆಯ ಲೈನ್‌ಮನ್. ಎಡಹುಬ್ಬಿನ ಮೇಲೆ ಹಳೇ ಗಾಯದ ಗೆರೆ, ಖಾಕಿ ಅಂಗಿ. ಕಂಡವರು ಶಾಲೆಯ ಶಿಬಿರಕ್ಕೆ ತಿಳಿಸಿ.’

ಇದಕ್ಕೆ ಒಂದಕ್ಷರ ಸೇರಿಸಬೇಡ. ನಿನ್ನ ಕೈ ನನಗೆ ಗೊತ್ತು. ಅಪ್ಪನಿಗೆ ಜ್ವರ ಬಂದಾಗ ಡಾಕ್ಟರಿಗೆ ಚೀಟಿ ಬರೆಯಲು ಹೇಳಿದರೆ ‘ಏರಿದೆ ಜ್ವರ, ಇಳಿದಿದೆ ಸ್ವರ’ ಎಂದು ಬರೆದವನು ನೀನು. ಡಾಕ್ಟರು ಗಂಟಲಿಗೆ ಔಷಧಿ ಕೊಟ್ಟು ಕಳಿಸಿದರು.

ಅಕ್ಕ

ಆಗಸ್ಟ್ ೨೩

ಅಕ್ಕಾ,

ಕೆಸರು ಬಂತು. ಗಡ್ಡ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ಐದು ನಿಮಿಷ ನಿಂತ. ಆಮೇಲೆ “ಬಣ್ಣ ಸಾಲದು” ಎಂದು ಅದಕ್ಕೆ ಕಂದು ಬೆರೆಸಿದ. ದೇವರು ಮಾಡಿದ ಕೆಸರಿಗೇ ತಿದ್ದುಪಡಿ ಮಾಡುವ ಜನ ಇವರು, ನಾವೆಲ್ಲ ಯಾವ ಲೆಕ್ಕ.

ನಾಡಿದ್ದು ಶನಿವಾರ ಕಾರ್ಯಕ್ರಮ. ಪಿಟೀಲಿನವರು ತಮ್ಮ ಹೆಸರು ಕರಪತ್ರದಲ್ಲಿ ತಬಲಾದವರ ಹೆಸರಿಗಿಂತ ಸಣ್ಣದಾಗಿದೆ ಎಂದು ಕೈಕೊಟ್ಟರು. ಹಾಗೆ ಖಾಲಿ ಉಳಿದ ಹನ್ನೆರಡು ನಿಮಿಷವನ್ನು ಸಮಿತಿ ನನಗೆ ಕೊಟ್ಟಿದೆ. ಹೌದು ಅಕ್ಕ, ನನಗೆ. ಇಪ್ಪತ್ತು ವರ್ಷ ಇವರ ಕಾಗುಣಿತ ತಿದ್ದಿದ್ದೇನೆ, ಇವರ ಪದ್ಯಗಳಿಗೆ ಕಾಲು ಕೈ ಜೋಡಿಸಿದ್ದೇನೆ. ‘ನೀವೂ ಏನಾದ್ರೂ ಬರೀತೀರಾ?’ ಎಂದು ಒಬ್ಬನೂ ಕೇಳಿರಲಿಲ್ಲ. ಈಗ ಒಬ್ಬ ಮುನಿಸಿಕೊಂಡದ್ದರಿಂದ ನಾನು ಕವಿ.

ನಿನ್ನ ನಾಲ್ಕು ಸಾಲಿಗೆ ಸ್ವಲ್ಪ ಮೈ ತುಂಬಿಸಿದ್ದೇನೆ. ಬೇಸರ ಪಡಬೇಡ, ಸಂಚಿಕೆಯಲ್ಲಿ ಒಂದು ಇಡೀ ಪುಟ ಕೊಟ್ಟಿದ್ದಾರೆ. ಮೇಲೆ ಭಾವನ ಫೋಟೋ, ದೊಡ್ಡದಾಗಿ, ಕೆಳಗೆ ನನ್ನ ಬರಹ. ‘ಕಾಣೆಯಾಗಿದ್ದಾರೆ’ ಎಂಬುದು ಬಸ್ ಸ್ಟ್ಯಾಂಡ್ ಗೋಡೆಯ ಭಾಷೆ, ಜನ ನೋಡಿಯೂ ನೋಡುವುದಿಲ್ಲ.

ಮಹಾಕವಿ ನಿನ್ನೆ ನನ್ನ ಓದು ಕೇಳಿ ಒಂದು ಮಾತಂದರು, ಅವರ ದುಷ್ಟತನಕ್ಕೆ ಉದಾಹರಣೆಯಾಗಿ ಬರೆಯುತ್ತಿದ್ದೇನೆ: “ಕಾಣೆಯಾದೋನಿಗೆ ಸಭೆ ಎದ್ದು ನಿಲ್ಲಲ್ಲಪ್ಪ. ಎದ್ದು ನಿಲ್ಲೋದು ಸತ್ತೋನಿಗೆ.” ನೋಡು, ಎಂಥ ಜನರ ನಡುವೆ ಇದ್ದೇನೆ.

ನಿಮ್ಮೂರು ಮುಳುಗಿದ್ದು ನೀರಿನಲ್ಲಿ,
ನಮ್ಮವರು ಮುಳುಗಿರುವುದು ಬರೀ ಜೋರಿನಲ್ಲಿ.

ತಮ್ಮ

ಆಗಸ್ಟ್ ೨೭

ಪ್ರೀತಿಯ ತಮ್ಮ,

ಇಡೀ ಪುಟ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಬಹಳ ದಿನದ ಮೇಲೆ ಒಂದು ಪೂರ್ತಿ ಬ್ರೆಡ್ಡು ತಿಂದೆ. ನಾಲ್ಕು ಸಾಲಿಗಿಂತ ಹೆಚ್ಚು ಬರೆದದ್ದಕ್ಕೆ ಮೊದಲು ಸಿಟ್ಟು ಬಂತು. ಆಮೇಲೆ ಅಂದುಕೊಂಡೆ, ಅವನಿಗೂ ಭಾವ ಅಲ್ಲವೇ, ಬರೆಯಲಿ. ಫೋಟೋ ದೊಡ್ಡದಾದಷ್ಟೂ ಹುಬ್ಬಿನ ಗೆರೆ ಚೆನ್ನಾಗಿ ಕಾಣುತ್ತದೆ.

ಮಹಾಕವಿಯವರ ಮಾತು ಓದಿ ಮೈಯೆಲ್ಲ ಉರಿಯಿತು. ಅಂಥವರ ಮುಂದೆ ನೀನೊಬ್ಬ ನೆಟ್ಟಗೆ ನಿಂತಿದ್ದೀಯ ಎಂಬುದೇ ಧೈರ್ಯ. ಸಂಚಿಕೆ ಯಾವ ಲಾರಿಯಲ್ಲಿ ಬರುತ್ತದೆ, ಬರೆ. ನಾನೇ ಕಟ್ಟು ಬಿಚ್ಚುತ್ತೇನೆ.

ಅಕ್ಕ

ಆಗಸ್ಟ್ ೨೮

ಅಕ್ಕಾ,

ಮುಗಿಯಿತು. ಗೆದ್ದಿತು. ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಉದ್ಘಾಟಕರು ಬರುವುದು ತಡವಾಗಿ, ಬಂದವರು ನಿಮ್ಮ ಹೊಳೆಯ ಹೆಸರನ್ನು ತಪ್ಪಾಗಿ ಹೇಳಿ, ತಿದ್ದಿದವರನ್ನು ಗುರಾಯಿಸಿ ಹೋದರು. ನಟಿ ಅಸಲಿ ಕೆಸರಿನಲ್ಲಿ ಕಾಲು ಜಾರಿ ಬಿದ್ದಳು. ಜನ ಅದನ್ನೂ ನಟನೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ಅವಳು ಎದ್ದು ಇನ್ನೊಂದು ಸಲ ಬಿದ್ದಳು.

ಆಮೇಲೆ ನಾನು. ಹನ್ನೆರಡು ನಿಮಿಷ. ಕೊನೆಯ ಸಾಲು ಮುಗಿದಾಗ ಒಂದು ಕೆಮ್ಮೂ ಇಲ್ಲ. ಮೊದಲು ಮುಂದಿನ ಸಾಲು ಎದ್ದಿತು, ಆಮೇಲೆ ಅದರ ಹಿಂದಿನದು, ಆಮೇಲೆ ಇಡೀ ಸಭೆ. ನಾನು ಕುರ್ಚಿಗಳ ಸದ್ದು ಕೇಳುತ್ತ ನಿಂತಿದ್ದೆ. ಮಹಾಕವಿ ನನ್ನ ನಂತರ ಓದಿದರು. ಪಾಪ, ಅವರಿಗೇ ತೊಂದರೆಯಾಯಿತು.

ಸಂಚಿಕೆ ಭಾನುವಾರದ ಲಾರಿಯಲ್ಲಿ ಬರುತ್ತದೆ. ನಲವತ್ತೊಂದನೇ ಪುಟ. ಓದುವಾಗ ಅದು ಸಾಹಿತ್ಯ ಎಂದು ನೆನಪಿಟ್ಟುಕೋ. ಟೀಚರಾಗಿ ಓದಬೇಡ.

ತಮ್ಮ

ಸೆಪ್ಟೆಂಬರ್ ೩

ಅಕ್ಕಾ,

ನಿನ್ನ ಇಪ್ಪತ್ತೇಳರ ಕಾಗದ ಈಗ ತಾನೇ ಸಿಕ್ಕಿತು. ನಾನು ಅಷ್ಟೇನೂ ನೆಟ್ಟಗೆ ನಿಂತವನಲ್ಲ. ಇರಲಿ.

ಸಂಚಿಕೆ ಬಂದಿರಬೇಕಲ್ಲ? ಒಂದು ಸಾಲಾದರೂ ಬರೆ. ಪಕ್ಕದ ಊರಿನವರು ಇದೇ ಸಂಜೆಯನ್ನು ಅಲ್ಲೂ ಮಾಡಿ ಎನ್ನುತ್ತಿದ್ದಾರೆ, ಹದಿನೈದನೇ ತಾರೀಕು. ಗಡ್ಡ ಕೇಳಿದ, “ನಿಮ್ಮಕ್ಕ ಬಂದು ಸ್ಟೇಜ್ ಮೇಲೆ ಸುಮ್ನೆ ಕೂತ್ಕೋತಾರಾ? ಮಾತೇನೂ ಬೇಡ.” ಆಗಲ್ಲ ಅಂದೆ. ಆಗುತ್ತದೆ ಅಂದರೆ ನೀನೇ ಬರೆ.

ತಮ್ಮ

ಸೆಪ್ಟೆಂಬರ್ ೬

ತಮ್ಮನಿಗೆ,

ಲಾರಿ ಭಾನುವಾರ ಬಂತು. ಕಟ್ಟು ಬಿಚ್ಚಿದವಳು ನಾನೇ. ಶಿಬಿರದ ಹೆಂಗಸರೆಲ್ಲ ಸುತ್ತ ನಿಂತಿದ್ದರು, ಟೀಚರ್ ಮನೆಯವರ ಫೋಟೋ ಬಂದಿದೆ ಎಂದು.

ನಲವತ್ತೊಂದನೇ ಪುಟದಲ್ಲಿ ಇವರಿದ್ದರು. ಸುತ್ತ ಕಪ್ಪು ಚೌಕಟ್ಟು. ತಲೆಬರಹ ‘ಬೆಳಕು ಆರಿಸಿ ಆರಿದವನು’. ಗಟ್ಟಿಯಾಗಿ ಓದಲು ಶುರು ಮಾಡಿದ್ದೆ, ಆಮೇಲೆ ಮನಸ್ಸಿನಲ್ಲೇ ಓದಿಕೊಂಡೆ. ನಾಲ್ಕನೇ ದಿನ ಹೆಣ ಸಿಕ್ಕಿತಂತೆ. ಕೈಯಲ್ಲಿ ರಬ್ಬರ್ ಗ್ಲೌಸ್ ಹಾಗೇ ಇತ್ತಂತೆ. ನಾನು ನನ್ನ ಕೈಯಾರೆ ಅವರ ಕಣ್ಣು ಮುಚ್ಚಿದೆನಂತೆ. ಹೊರಡುವಾಗ ‘ಬೆಳಕು ನಿಮಗಿರಲಿ, ಕತ್ತಲು ನನಗಿರಲಿ’ ಎಂದರಂತೆ. ಚಹಾ ಎಲ್ಲಿಗೆ ಹೋಯಿತು? ಅಡಿಯಲ್ಲಿ ಸಣ್ಣಕ್ಷರದಲ್ಲಿ ಮತ್ತೊಂದು ಸಾಲು: ‘ಇದು ನಡೆದ ಘಟನೆ. ಬರೆದವರು ಮೃತರ ಸ್ವಂತ ಭಾವಮೈದುನ.’

ಅಂದರೆ ‘ಎದ್ದು ನಿಲ್ಲೋದು ಸತ್ತೋನಿಗೆ’ ಎಂಬ ಮಾತು ಮಹಾಕವಿಯವರದು, ಕೆಲಸ ನಿನ್ನದು.

ಸೋಮವಾರ ಪರಿಹಾರ ಕಚೇರಿಯ ಗುಮಾಸ್ತರು ಸಂಚಿಕೆ ಹಿಡಿದೇ ಬಂದರು. ಒಳ್ಳೆಯ ಮನುಷ್ಯ, ಕಣ್ಣಲ್ಲಿ ನೀರಿತ್ತು.

“ಟೀಚರ್, ಹೇಳಬಾರ್ದಾಗಿತ್ತಾ? ಒಬ್ರೇ ನುಂಗ್ಕೊಂಡು ದಿನಾ ಬೋರ್ಡ್ ಮೇಲೆ ಬರೀತಾ ಇದ್ರಾ?”

“ಸರ್, ಅದು ಸುಳ್ಳು. ಅವರು ಸಿಕ್ಕಿಲ್ಲ.”

“ಅಚ್ಚಾಗಿದೆಯಲ್ಲಮ್ಮ. ನಿಮ್ಮ ತಮ್ಮಾನೇ ಬರೆದಿದಾರೆ. ನಡೆದ ಘಟನೆ ಅಂತ ಬೇರೆ ಹಾಕಿದಾರೆ.”

“ಅವನು ಅಲ್ಲಿರೋದು ಸರ್, ನಾನು ಇಲ್ಲಿರೋದು.”

“ನೋಡಿ, ಹೆಂಡತಿಯಾದೋರು ಯಾವತ್ತೂ ಬದುಕಿದಾರೆ ಅಂತಾನೇ ಹೇಳೋದು. ನನಗೂ ಅರ್ಥ ಆಗುತ್ತೆ. ಬರೆದೋರೇ ಸುಳ್ಳು ಅಂತ ಬರ್ಕೊಡ್ಲಿ, ಹೆಸರು ವಾಪಸ್ ಹಾಕ್ತೀನಿ. ಅಲ್ಲೀವರೆಗೂ ಮೃತರ ಪಟ್ಟಿ. ನಿಮಗೂ ಪರಿಹಾರ ಬೇಗ ಬರುತ್ತೆ. ಎಲ್ಲಿ, ಆ ಡಸ್ಟರ್ ಕೊಡಿ.”

ಡಸ್ಟರ್ ಕೊಡಲಿಲ್ಲ. ಅವರೇ ಅಂಗೈಯಲ್ಲಿ ಒರೆಸಿದರು. ಮಂಗಳವಾರದ ಕಟ್ಟಿನಿಂದ ಇವರ ಫೋಟೋ ತೆಗೆದು ನನ್ನ ಕೈಗೆ ಕೊಟ್ಟರು, ಜೋಪಾನವಾಗಿಟ್ಟುಕೊಳ್ಳಿ ಎಂದು.

ಇವರು ಬದುಕಿದ್ದಾರೆ ಎಂದು ನಾನು ಹೇಳುತ್ತಿಲ್ಲ. ನನಗೆ ಗೊತ್ತಿಲ್ಲ. ಗೊತ್ತಿಲ್ಲದವರಿಗಾಗಿಯೇ ಆ ಪಟ್ಟಿ ಇರುವುದು. ಆ ಪುಟ ಸುಳ್ಳು ಎಂದು ಕಚೇರಿಗೆ ಬರೆದು ಸಹಿ ಹಾಕಿ ಈ ಲಾರಿಯಲ್ಲೇ ಕಳಿಸು. ಇನ್ನೇನೂ ಬೇಡ.

ಅಕ್ಕ

ಸೆಪ್ಟೆಂಬರ್ ೧೧

ಅಕ್ಕಾ,

ನಿನ್ನ ಕಾಗದದ ಒಂದೊಂದು ಸಾಲೂ ಬೆತ್ತದ ಹಾಗಿತ್ತು. ಹೊಡೆ, ನಿನಗೆ ಹಕ್ಕಿದೆ. ಆದರೆ ಒಂದು ಮಾತು ಕೇಳು.

ಕಾಣೆಯಾದವನ ಕಥೆಗೆ ಕೊನೆ ಇರುವುದಿಲ್ಲ. ಹನ್ನೆರಡು ನಿಮಿಷ ಓದಿ, ಅಷ್ಟು ಜನರ ಮುಂದೆ ‘ಆಮೇಲೆ ಏನಾಯಿತೋ ಗೊತ್ತಿಲ್ಲ’ ಎಂದು ಇಳಿದುಬರುವುದು ಹೇಗೆ? ಮೂರು ರಾತ್ರಿ ಪ್ರಯತ್ನಿಸಿದೆ. ‘ಬಂದೆ’ ಎಂಬ ಮಾತಿಗೆ ಪ್ರಾಸ ಸಿಗಲಿಲ್ಲ ಎಂದಲ್ಲ, ಸಿಕ್ಕಿದ್ದು ಯಾವುದೂ ನಿಲ್ಲಲಿಲ್ಲ. ಆ ಸಣ್ಣಕ್ಷರದ ಸಾಲು ಗಡ್ಡ ಸೇರಿಸಿದ್ದು. ಕರಡಿನಲ್ಲಿ ನೋಡಿದ್ದೆ. ಕಾಗುಣಿತ ಸರಿಯಿತ್ತು, ಬಿಟ್ಟೆ.

ಮತ್ತೆ, ಒಬ್ಬ ಗುಮಾಸ್ತನಿಗೆ ಕವಿತೆ ಓದಲು ಬರುವುದಿಲ್ಲ ಎಂಬುದೂ ನನ್ನ ತಪ್ಪೇ? ಅವನು ದೀಪದ ಪದ್ಯ ಓದಿ ಸೀಮೆಎಣ್ಣೆ ಎಷ್ಟು ಬೇಕು ಎಂದು ಬರೆದುಕೊಳ್ಳುವ ಜಾತಿ.

ಆದರೂ ನಿನಗಾಗಿ ಬರೆದಿದ್ದೇನೆ. ಕಚೇರಿಗೆ ಬರೆದ ಪತ್ರ ಜೊತೆಗಿದೆ, ನಾಲ್ಕು ಪುಟ. ಕಾವ್ಯದ ಸತ್ಯಕ್ಕೂ ಕಚೇರಿಯ ಸತ್ಯಕ್ಕೂ ಇರುವ ಅಂತರವನ್ನು ಅವನಿಗೂ ತಿಳಿಯುವಂತೆ ವಿವರಿಸಿದ್ದೇನೆ. ‘ಸುಳ್ಳು’ ಎಂಬ ಪದ ಮಾತ್ರ ಬಳಸಿಲ್ಲ. ಹದಿನೈದಕ್ಕೆ ಎರಡನೇ ಸಂಜೆ ಇದೆ, ಟಿಕೆಟ್ ಎಲ್ಲ ಹೋಗಿದೆ. ನಿನಗೆ ಅರ್ಥವಾಗುತ್ತದೆ.

ತಮ್ಮ

ಸೆಪ್ಟೆಂಬರ್ ೧೪

ತಮ್ಮನಿಗೆ,

ನಿನ್ನ ನಾಲ್ಕು ಪುಟವನ್ನು ಕಚೇರಿಗೆ ಕೊಡಲಿಲ್ಲ. ತಿದ್ದಿ ವಾಪಸ್ ಕಳಿಸಿದ್ದೇನೆ. ಕೆಂಪು ಶಾಯಿ ಸಿಕ್ಕಲಿಲ್ಲ, ಗಾಯಕ್ಕೆ ಹಚ್ಚುವ ಕೆಂಪು ಔಷಧಿಯಲ್ಲಿ ತಿದ್ದಿದ್ದೇನೆ.

ಮೊದಲ ಪುಟ ಪೂರ್ತಿ ಹೊಡೆದಿದ್ದೇನೆ. ಅದರಲ್ಲಿ ನಿನ್ನ ಬಾಲ್ಯವಿದೆ, ಅದು ಗುಮಾಸ್ತರಿಗೆ ಬೇಡ. ಎರಡನೇ ಪುಟದಲ್ಲಿ ‘ಕಾವ್ಯಸತ್ಯ’ ಎಂಬಲ್ಲೆಲ್ಲ ಗೆರೆ ಎಳೆದು ‘ಸುಳ್ಳು’ ಎಂದು ಬರೆದಿದ್ದೇನೆ. ನಾಲ್ಕಕ್ಷರ ಇದ್ದಲ್ಲಿ ಎರಡೇ ಸಾಕು. ಮೂರನೇ ಪುಟದಲ್ಲಿ ಸಭೆ ಎದ್ದು ನಿಂತದ್ದನ್ನು ಬರೆದಿದ್ದೀಯ. ಕಾಣೆಯಾದವರನ್ನು ಹುಡುಕಲು ಅದರಿಂದ ಏನು ಉಪಯೋಗ ಎಂದು ಅಂಚಿನಲ್ಲಿ ಪ್ರಶ್ನೆ ಹಾಕಿದ್ದೇನೆ, ಉತ್ತರ ಬೇಡ. ನಾಲ್ಕನೇ ಪುಟದಲ್ಲಿ ನಿನ್ನ ಸಹಿ ಚೆನ್ನಾಗಿದೆ. ಅದನ್ನು ಮಾತ್ರ ಬಿಟ್ಟಿದ್ದೇನೆ.

ಇಷ್ಟು ದಿನ ಗಡ್ಡ, ನಟಿ, ಮಹಾಕವಿ ಎಂದು ನೀನು ಬರೆದದ್ದನ್ನೆಲ್ಲ ನಗುತ್ತ ಓದಿದೆ. ಈಗ ಮತ್ತೆ ಓದಿದೆ. ಗಡ್ಡದವನು ಕೆಸರಿಗೆ ಬಣ್ಣ ಬೆರೆಸಿದ. ನಟಿ ಎರಡನೇ ಸಲ ಬಿದ್ದಳು. ಅದರಿಂದ ಇಲ್ಲಿ ಯಾರಿಗೂ ಏನೂ ಆಗಲಿಲ್ಲ. ಅವರ ಬಿಸ್ಕತ್ತು, ಕಂಬಳಿ ಬಂದಿವೆ, ಜನ ಹೊದ್ದು ಮಲಗಿದ್ದಾರೆ. ಇಡೀ ಸಮಿತಿಯಲ್ಲಿ ನಮಗೆ ಕೇಡಾಗುವಂಥದ್ದು ಮಾಡಿದವನು ಒಬ್ಬನೇ, ಎಲ್ಲರನ್ನೂ ಗೇಲಿ ಮಾಡುತ್ತಿದ್ದವನು.

ಗುಮಾಸ್ತರ ಬಗ್ಗೆ ಸೀಮೆಎಣ್ಣೆ ಎಂದೆಲ್ಲ ಬರೆದಿದ್ದೀಯ. ಅವರು ಅಚ್ಚಾದದ್ದನ್ನು ನಂಬಿದರು. ನೀನು ಇಪ್ಪತ್ತು ವರ್ಷ ಅಚ್ಚುಕೂಟದಲ್ಲಿ ಕೂತಿರುವುದು ಜನ ಹಾಗೆ ನಂಬಲಿ ಎಂದೇ ಅಲ್ಲವೇ?

ನಾಲ್ಕು ಪುಟ ಹೊಡೆದು ಉಳಿದದ್ದು ಮೂರು ವಾಕ್ಯ. ನಕಲು ಮಾಡಿ ಸಹಿ ಹಾಕು:

‘ಸಂಚಿಕೆಯ ನಲವತ್ತೊಂದನೇ ಪುಟದಲ್ಲಿ ನಾನು ಬರೆದದ್ದು ಸುಳ್ಳು. ನನ್ನ ಭಾವ ಸತ್ತದ್ದನ್ನು ಯಾರೂ ಕಂಡಿಲ್ಲ. ಅವರನ್ನು ಹುಡುಕಿ.’

ಅಕ್ಕ

ಸೆಪ್ಟೆಂಬರ್ ೨೦

ಅಕ್ಕಾ,

ನಕಲು ಮಾಡಿ, ಸಹಿ ಹಾಕಿ, ಕಚೇರಿಯ ಹೆಸರಿಗೇ ಕಳಿಸಿದ್ದೇನೆ. ಒಂದಕ್ಷರ ಸೇರಿಸಿಲ್ಲ.

ನಿನ್ನ ಕಾಗದ ಬರುವ ಹೊತ್ತಿಗೆ ಎರಡನೇ ಸಂಜೆ ಮುಗಿದಿತ್ತು. ಮೂರನೆಯದಾದರೂ ಬೇಡ ಎಂದು ಗಡ್ಡನಿಗೆ ಹೇಳಿದೆ.

“ಬದುಕಿದಾರಾ?” ಅಂದ.

“ಗೊತ್ತಿಲ್ಲ.”

“ಗೊತ್ತಾಗೋವರೆಗೂ ಓದೋಣ ಬಿಡು. ನೀ ಓದ್ದಿದ್ರೆ ನಟಿ ಓದ್ತಾಳೆ. ನಿನಗಿಂತ ಚೆನ್ನಾಗೇ ಓದ್ತಾಳೆ.”

ನಿನ್ನೆ ಅವಳೇ ಓದಿದಳು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ. ಕುರ್ಚಿಗಳ ಸದ್ದು ಹೊರಗೂ ಕೇಳಿಸುತ್ತದೆ. ಮೊದಲನೇ ದಿನದಷ್ಟೇ ಹೊತ್ತು ಚಪ್ಪಾಳೆ ಬಿತ್ತು. ಇದನ್ನು ಗಮನಿಸಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಗಮನಿಸಿದೆ.

ಹೆಸರು ಹಲಗೆಗೆ ಬಂದ ದಿನ ಒಂದು ಸಾಲು ಬರೆ.

ತಮ್ಮ

ಅಕ್ಟೋಬರ್ ೩

ತಮ್ಮನಿಗೆ,

ಇವರು ಸಿಕ್ಕಿದ್ದಾರೆ. ಬದುಕಿದ್ದಾರೆ.

ನಿನ್ನ ಮೂರು ವಾಕ್ಯ ಸೋಮವಾರ ಬಂತು. ಗುಮಾಸ್ತರು ಎರಡು ಸಲ ಓದಿ ಸೀಮೆಸುಣ್ಣ ನನ್ನ ಕೈಗೆ ಕೊಟ್ಟರು. ಮರುದಿನ ಮಂಗಳವಾರ, ಸೆಪ್ಟೆಂಬರ್ ಇಪ್ಪತ್ತೈದು. ಫೋಟೋ ಕಟ್ಟಿನ ಮೇಲಕ್ಕೇ ಹೋಯಿತು. ಶುಕ್ರವಾರ ಸುದ್ದಿ ಬಂತು. ಹೊಳೆಯ ಕೆಳಗೆ, ಎರಡು ದಿನದ ದಾರಿ, ದೊಡ್ಡಾಸ್ಪತ್ರೆ, ಹನ್ನೊಂದನೇ ಮಂಚ. ಈ ಕಾಗದವನ್ನು ಆ ಮಂಚದ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ.

ಮರಳಿನ ದೋಣಿಯವರು ಎಳೆದು ಹಾಕಿದರಂತೆ. ಅಂಗಿ ಹರಿದು ಹೋಗಿತ್ತಂತೆ. ಒಂದು ತಿಂಗಳು ಪ್ರಜ್ಞೆ ಬರುವುದು, ಹೋಗುವುದು. ದವಡೆ ಮುರಿದಿದೆ, ತಂತಿ ಹಾಕಿ ಕಟ್ಟಿದ್ದಾರೆ. ಎರಡೂ ಕೈ ಸುಟ್ಟಿವೆ, ಮೊಣಕೈಯವರೆಗೆ ಬ್ಯಾಂಡೇಜು. ಹೆಸರು ಹೇಳಲು ಬಾಯಿಲ್ಲ, ಬರೆಯಲು ಕೈಯಿಲ್ಲ. ನಾನು ಒಂದನೇ ಕ್ಲಾಸಿನ ಅಕ್ಷರಮಾಲೆಯ ಪಟ ತಂದಿದ್ದೆ. ಒಂದೊಂದೇ ಅಕ್ಷರದ ಮೇಲೆ ಬೆರಳಿಡುತ್ತೇನೆ, ಸರಿಯಾದದ್ದಕ್ಕೆ ರೆಪ್ಪೆ ಮುಚ್ಚುತ್ತಾರೆ. ಅಲ್ಲಿ ಇಷ್ಟು ದಿನ ಯಾರಿಗೂ ಹೊಳೆಯದ ವಿದ್ಯೆ ಇದು.

ಮೊದಲು ಹೇಳಿದ್ದು, ‘ಇದ್ದೀಯಾ’. ಎರಡನೆಯದು, ‘ಫ್ಯೂಸ್ ತೆಗೆದೆ’.

ಮೂರನೆಯದಕ್ಕೆ ಅರ್ಧ ಮಧ್ಯಾಹ್ನ ಹಿಡಿಯಿತು. ಸೆಪ್ಟೆಂಬರ್ ಹೊತ್ತಿಗೆ ಇವರಿಗೆ ಪೂರ್ತಿ ಎಚ್ಚರ ಬಂದಿತ್ತು. ಪ್ರತಿ ಮಂಗಳವಾರ ನರ್ಸ್ ಆ ಕಟ್ಟು ತಂದು ಇವರ ಮುಂದೆ ಒಂದೊಂದೇ ಫೋಟೋ ಹಿಡಿಯುತ್ತಿದ್ದಳಂತೆ. “ಇದು ನೀವಾ? ಇದು?” ಮುಖಕ್ಕೆಲ್ಲ ಬ್ಯಾಂಡೇಜು ಇದ್ದದ್ದರಿಂದ ಅವಳಿಗೆ ಗುರುತು ಹಿಡಿಯಲಾಗುತ್ತಿರಲಿಲ್ಲ, ಇವರೇ ಹೇಳಬೇಕಿತ್ತು. ಮೂರು ಮಂಗಳವಾರ ಇವರು ತಮ್ಮ ಮುಖವನ್ನು ತಾವೇ ಹುಡುಕಿದ್ದಾರೆ. ಊರಿನವರದೆಲ್ಲ ಇತ್ತು, ಇವರದು ಇರಲಿಲ್ಲ. ಮನೆಯಲ್ಲಿ ಫೋಟೋ ಕೊಡುವವಳೊಬ್ಬಳು ಉಳಿದಿದ್ದರೆ ಕೊಡದೇ ಇರುತ್ತಿದ್ದಳೇ? ಹಾಗಾಗಿ ನಾನು ಸತ್ತೆ ಎಂದುಕೊಂಡರು. ಮೂರನೇ ವಾರದಿಂದ ಚಮಚದಲ್ಲಿ ಕೊಟ್ಟ ಗಂಜಿಯನ್ನೂ ನುಂಗುವುದು ಬಿಟ್ಟಿದ್ದರಂತೆ.

ಆ ಮೂರರಲ್ಲಿ ಎರಡು ಮಂಗಳವಾರ ನಿನ್ನ ಪದ್ಯಕ್ಕೆ ಹೋದವು. ಮೂರನೆಯದು ನಿನ್ನ ನಾಲ್ಕು ಪುಟಕ್ಕೆ.

ಸಂಚಿಕೆ ತಂದಿದ್ದೇನೆ, ಓದಿ ಹೇಳಲೇ ಎಂದು ಕೇಳಿದೆ. ರೆಪ್ಪೆ ಮುಚ್ಚಲಿಲ್ಲ. ಆಮೇಲೆ ನೀನು ಹೇಗಿದ್ದೀಯ ಎಂದು ಕೇಳಿದರು, ನಿನ್ನ ಮೇಲೆ ಅವರಿಗೆ ಮೊದಲಿನಿಂದಲೂ ಒಂದು ಮರ್ಯಾದೆ, ಓದಿದವನು ಎಂದು. ಚೆನ್ನಾಗಿದ್ದಾನೆ, ಈಗ ಕವಿಯಾಗಿದ್ದಾನೆ ಎಂದೆ.

ಇತ್ತ ಹೊರಡುವ ಮುಂಚೆ ಹಲಗೆಯಿಂದ ಇವರ ಹೆಸರನ್ನು ನಾನೇ ಒರೆಸಿದೆ. ಆ ಹೆಂಗಸಿನ ಗಂಡ ಯಾಕೆ ಹಟ ಹಿಡಿದಿದ್ದ ಎಂದು ಆಗ ಗೊತ್ತಾಯಿತು. ಕೈಯಲ್ಲಿ ಸೀಮೆಸುಣ್ಣ ಇನ್ನೂ ಇತ್ತು, ಹದಿನೇಳನೇ ಜಾಗ ಖಾಲಿಯಿತ್ತು. ನಿನ್ನ ಹೆಸರು ಬರೆಯಲೇ ಎಂದು ಒಂದು ಗಳಿಗೆ ಅನ್ನಿಸಿತು. ಬರೆಯಲಿಲ್ಲ. ಆ ಹಲಗೆಗೆ ಬಂದವರನ್ನು ನಾವು ಹುಡುಕಬೇಕಾಗುತ್ತದೆ.

ಅಕ್ಕ